ಅರ ಮುಟ್ಟಿಸದ ಬೆಂಡೋಲೆ

ನನ್ನ ತವರು ಲಿಂಗಸುಗೂರಿನ ಪತ್ತಾರರ, ಅಂದರೆ ಅಕ್ಕಸಾಲಿಗರ ಮನೆ. ಕೊಟ್ಟಿದ್ದು ಮಸ್ಕಿಯ ಪತ್ತಾರರ ಮನೆಗೆ. ಅಲ್ಲಿ ಅಪ್ಪನ ಕುಲುಮೆ, ಇಲ್ಲಿ ಗಂಡನ ಕುಲುಮೆ. ಹುಟ್ಟಿದಾಗಿನಿಂದ ಇದ್ದಿಲ ಹೊಗೆ ಕುಡಿದವಳು, ಮೇಲಾಗಿ ಹಟ್ಟಿಯ ಗಣಿಯ ಸೀಮೆಯವಳು, ನನಗೆ ಬಂಗಾರದ ಪಾಠ ಯಾರು ಹೇಳಬೇಕು ಎಂಬ ಜಂಬ ತಲೆಗೇರಿತ್ತು. ನಿಜ ಹೇಳಬೇಕೆಂದರೆ ಅಪ್ಪ ಹೆಣ್ಣುಮಕ್ಕಳಿಗೆ ಒರೆಗಲ್ಲು ಮುಟ್ಟಗೊಡುತ್ತಿರಲಿಲ್ಲ. ನಾನು ಕಲಿತದ್ದೆಲ್ಲ ಬಾಗಿಲ ಸಂದಿಯಿಂದ ನೋಡಿ ಕಲಿತದ್ದು. ಅದರಲ್ಲೂ ಕೆಲಸಕ್ಕಿಂತ ಕೆಲಸಗಾರರ ಗತ್ತೇ ಚೆನ್ನಾಗಿ ಬಂದಿತ್ತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಮ್ಮ ಕುಲುಮೆಗೆ ಜಾಲಿ ಇದ್ದಿಲು ತಂದು ಹಾಕುವ ಹೆಣ್ಣುಮಗಳೊಬ್ಬಳಿದ್ದಳು. ಗಂಡ ಸತ್ತಿದ್ದ, ಒಬ್ಬಳೇ ಮಗಳು. ಸಣ್ಣವಳಿದ್ದಾಗ ಚುಚ್ಚಿಸಿದ ಕಿವಿಯ ತೂತು ಮುಚ್ಚಬಾರದೆಂದು ಬೇವಿನ ಕಡ್ಡಿ ಇಟ್ಟುಕೊಂಡೇ ಅರ್ಧ ಆಯುಷ್ಯ ಕಳೆದಿದ್ದಳು. ಒಂದು ದಿನ ಬುಟ್ಟಿ ಇಳಿಸಿ, ಸೆರಗಿನ ಗಂಟು ಬಿಚ್ಚಿ, ಒಂದು ಜೊತೆ ಬೆಂಡೋಲೆ ನನ್ನ ಅಂಗೈಗೆ ಹಾಕಿದಳು.

"ಲಿಂಗಸುಗೂರು ಸಂತ್ಯಾಗ ತಗೊಂಡೀನ್ರಿ ಅಕ್ಕಾರ. ಮಾರಿದಾವ ನಿಮ್ಮೂರ ಪತ್ತಾರಗ ತೋರ್ಸು, ಖೋಟಾ ಅಂದ್ರ ಮುಂದಿನ ಸಂತಿಗೆ ವಾಪಸ್ ತಗೋತೀನಿ ಅಂದಾನ. ಒಂದೀಟು ನೋಡಿ ಹೇಳ್ರಿ."

ಮಾಡಿದ ಒಡವೆ ಮುಟ್ಟಿಸಲು ನನ್ನ ಗಂಡ ಸಿಂಧನೂರಿಗೆ ಹೋಗಿದ್ದರು. ಎರಡು ದಿನದಲ್ಲಿ ಬರುವವರಿದ್ದರು. ಸಂತೆಗೆ ಇನ್ನೂ ನಾಲ್ಕು ದಿನವಿತ್ತು. "ಅವರು ಬರಲಿ, ತಡಿ" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಅವಳು ಪತ್ತಾರರನ್ನು ಕೇಳದೆ ನನ್ನನ್ನು ಕೇಳಿದ್ದಳು. ಒರೆಗಲ್ಲು ತೊಗೊಂಡು ಕೂತೆ.

ಕಲ್ಲಿಗೆ ತಿಕ್ಕಿದೆ, ಹಳದಿ ಗೆರೆ ಮೂಡಿತು. ಮೇಲೆ ಲೋಹ ತಿನ್ನುವ ತೇಜಾಬು ಒಂದು ಹನಿ ಬಿಟ್ಟೆ. ತಾಮ್ರದ ಗೆರೆಯಾಗಿದ್ದರೆ ಅಲ್ಲೇ ಕರಗಿ ಹೋಗಬೇಕು. ಇದು ಹಾಗೇ ನಿಂತಿತು. ಅಪ್ಪ ಇಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಕಣ್ಣಿಗೆ ಬೀಳದ ಕಡೆ ಅರದಿಂದ ಸ್ವಲ್ಪ ಕೊರೆದು, ಆ ಗಾಯವನ್ನೇ ಮತ್ತೆ ಕಲ್ಲಿಗೆ ತಿಕ್ಕುತ್ತಿದ್ದರು. ಯಾಕೆಂದರೆ ಪಾದರಸದಲ್ಲಿ ಬಂಗಾರ ಬೆರೆಸಿ ತಾಮ್ರಕ್ಕೆ ಬಳಿದು ಕಾಸಿದರೆ, ಮೇಲಿನ ಪದರ ಅಪ್ಪಟ ಬಂಗಾರವೇ. ಬರೀ ಮೇಲೆ ತಿಕ್ಕಿದರೆ ಕಲ್ಲಿಗೂ ಅದೇ ಕಾಣುವುದು. ಇದೆಲ್ಲ ನನಗೆ ಗೊತ್ತಿತ್ತು. ಅರ ಕೈಗೆತ್ತಿಕೊಂಡೂ ಇದ್ದೆ. ಹಿಡಿಯುವುದು ಹೇಗೆಂದು ತಿಳಿಯಲಿಲ್ಲ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅದರ ಅಗತ್ಯವೇ ಇಲ್ಲ ಎಂಬಂತೆ ಅರವನ್ನು ಕೆಳಗಿಟ್ಟುಬಿಟ್ಟೆ.

"ಚೊಕ್ಕ ಐತಿ, ಹಾಕ್ಕೋ" ಅಂದೆ. ಅವಳು ಅಲ್ಲೇ ಬೇವಿನ ಕಡ್ಡಿ ತೆಗೆದು ಬೆಂಡೋಲೆ ಹಾಕಿಕೊಂಡು, ನನ್ನ ಕಾಲು ಮುಟ್ಟಿ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ಬಂದಳು. ಸರಿಸಿ ನೋಡಿದೆ. ತೂತು ಕೀವಾಗಿತ್ತು, ಸುತ್ತ ಹಸಿರು ಕಲೆ. ಬೆಂಡೋಲೆಯ ಮುಖ ಇನ್ನೂ ಥಳಥಳ ಹೊಳೆಯುತ್ತಿತ್ತು. ಆದರೆ ಕಿವಿಯೊಳಗೆ ಉಜ್ಜುವ ಅದರ ಕಡ್ಡಿ ಸವೆದು ತಾಮ್ರ ಕೆಂಪಗೆ ಕಾಣುತ್ತಿತ್ತು. ಮೇಲೆ ಬಳಿದ ಗಿಲೀಟು ಯಾವಾಗಲೂ ಅಲ್ಲಿಂದಲೇ ಬಿಡುವುದು.

ಗಂಡ ನಾಲ್ಕು ಮಾರು ದೂರದಲ್ಲಿ ಕುಲುಮೆ ಊದುತ್ತಿದ್ದರು. ಪತ್ತಾರರ ಮನೆಯವಳೇ ಗಿಲೀಟಿಗೆ ಚೊಕ್ಕ ಅಂದಳಂತೆ ಎಂದು ಊರೆಲ್ಲ ಆಡಿಕೊಳ್ಳುವುದು ನನಗೆ ಅಲ್ಲೇ ಕೇಳಿಸಿದಂತಾಯಿತು. ಬಾಯಿ ತಾನಾಗಿ ಸುಳ್ಳು ನುಡಿಯಿತು.

"ಬಂಗಾರದ್ದೇನೂ ತಪ್ಪಿಲ್ಲ. ನಿನ್ನ ಮೈಯಾಗ ಉಷ್ಣ ಭಾಳ ಐತಿ. ಕೆಲವ್ರ ಮೈಗೆ ಬಂಗಾರ ಒಗ್ಗಂಗಿಲ್ಲ. ತೆಗದಿಡು."

ಅವಳು ಮಾರಾಟಗಾರನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ, "ಹೌದೇನ್ರಿ? ನನ್ನ ಹಣೇಬಾರ" ಎಂದು ಬೆಂಡೋಲೆ ಬಿಚ್ಚಿ ಗಂಟು ಕಟ್ಟಿದಳು. ಆವತ್ತು ಅವಳಿಗೆ ಎರಡು ಸೇರು ಜೋಳ ಹೆಚ್ಚಿಗೆ ಕೊಟ್ಟೆ. ಎಂಥ ಧಾರಾಳ ನೋಡಿ ನನ್ನದು!

ಉಣ್ಣಲು ಕೂತಾಗ ಗಂಡ ತಲೆ ಎತ್ತದೆ ಕೇಳಿದರು: "ಅವತ್ತ ಅರ ಹಾಕಿದ್ಯೇನು?"

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂದೆ. ಅವರು ಮತ್ತೆ ಕೇಳಲಿಲ್ಲ. ಅಂಗಡಿಯ ಹೆಸರು ಅವರದೂ ಆಗಿತ್ತು.

ಮುಂದೆ ಎರಡು ವರ್ಷಕ್ಕೆ ಅವಳ ಮಗಳ ನಿಶ್ಚಯ. ತುರ್ವಿಹಾಳದ ಬೀಗರು. ಹಿರಿಯಳಂತೆ ಬಂದು ಕೂಡ್ರಬೇಕೆಂದು ನನ್ನನ್ನು ಕರೆದಿದ್ದಳು. ಗಂಡಿನ ತಾಯಿ ತನ್ನ ಅತ್ತೆಯಿಂದ ಬಂದ ಜುಮಕಿಗಳನ್ನು ತಟ್ಟೆಯಲ್ಲಿಟ್ಟು ಮುಂದೆ ತಂದರು. ಹಳೆಯ, ತೂಕದ, ನಿಜವಾದ ಬಂಗಾರ. ಹುಡುಗಿಯ ಮುಖ ಅರಳಿತು. ಅಷ್ಟರಲ್ಲಿ ಹುಡುಗಿಯ ತಾಯಿ ನಡುವೆ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಬೀಗ್ತಿಯಾರ. ನಮ್ಮ ಮೈಗೆ ಬಂಗಾರ ಒಗ್ಗಂಗಿಲ್ರಿ. ನನಗಾದದ್ದು ನನ್ನ ಮಗಳಿಗೆ ಆಗೂದು ಬ್ಯಾಡ. ಬೆಳ್ಳೀದು ಹಾಕ್ರಿ."

ಬೀಗಿತ್ತಿಯ ಹುಬ್ಬು ಗಂಟಿಕ್ಕಿತು. "ಯಾಕ, ಮೈಯಾಗ ಏನರ ರೋಗ ಐತೇನು?"

"ರೋಗ ಅಲ್ರಿ, ಉಷ್ಣ. ಪತ್ತಾರ ಅಕ್ಕಾರನ್ನ ಕೇಳ್ರಿ, ಅವ್ರಿಗೆ ಎಲ್ಲಾ ಗೊತ್ತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಗಿಯೂ ನೋಡಿದಳು; ನಾನು ಅಲ್ಲವೆಂದು ಹೇಳಲಿ ಎಂದು ಅವಳ ಕಣ್ಣು ಬೇಡುತ್ತಿತ್ತು. ಒಂದೇ ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಹೌದ್ರಿ" ಅಂದೆ. "ಉಷ್ಣದ ಮೈ."

ಬೀಗಿತ್ತಿ ಜುಮಕಿಗಳನ್ನು ತಟ್ಟೆಯಿಂದ ತೆಗೆದು, ಬಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡರು.