ಗುಂಯ್‌ಗುಡುವ ವಾಚಿನ ಮೇಷ್ಟ್ರು

ಮದ್ದೂರಿನಲ್ಲಿ ಕೈಗೆ ವಾಚು ಕಟ್ಟಿದವರೆಲ್ಲ ಬೆಳಿಗ್ಗೆ ಎದ್ದು ಅದಕ್ಕೆ ಕೀ ಕೊಡುತ್ತಿದ್ದ ಕಾಲ. ಕೀ ಕೊಡದವರು ಕೆಂಪಸಿದ್ದಯ್ಯ ಮೇಷ್ಟ್ರು ಒಬ್ಬರೇ. ಅವರ ವಾಚಿಗೆ ಟಿಕ್‌ಟಿಕ್ಕೂ ಇರಲಿಲ್ಲ. ಕಿವಿಗಿಟ್ಟರೆ ಮುಚ್ಚಿದ ಡಬ್ಬಿಯಲ್ಲಿ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತಿತ್ತು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ರಬ್ಬರಿಗೆ ಬಡಿದು ಮಕ್ಕಳಿಗೆ ನಾದ ಕೇಳಿಸುತ್ತಾರಲ್ಲ, ಎರಡು ಕಾಲಿನ ಶ್ರುತಿಕವೆ, ಅದರ ಮರಿಯೊಂದು ಆ ವಾಚಿನೊಳಗಿತ್ತು. ಅಂಗಿಯ ಗುಂಡಿಯಷ್ಟು ಗಾತ್ರದ ಪಾದರಸದ ಸೆಲ್ಲು ಅದನ್ನು ಹಗಲೂ ರಾತ್ರಿ ನಡುಗಿಸುತ್ತಿತ್ತು. ಆ ನಡುಕವೇ ಕಣ್ಣಿಗೆ ಕಾಣದ ಹಲ್ಲುಗಳ ಚಕ್ರವೊಂದನ್ನು ತಳ್ಳಿ, ಸೆಕೆಂಡಿನ ಮುಳ್ಳು ಕುಪ್ಪಳಿಸದೆ ನೀರಿನ ಹಾಗೆ ಜಾರುತ್ತಿತ್ತು.

ಇಂಥ ವಾಚು ಮದ್ದೂರು, ಮಂಡ್ಯದ ಕೆಲವು ದೊಡ್ಡ ಮನೆಗಳಿಗೆ ಹೊರದೇಶದ ನೆಂಟರ ಕೈಯಿಂದ ಬಂದಿತ್ತು. ವರ್ಷ ಕಳೆಯುವಷ್ಟರಲ್ಲಿ ಸೆಲ್ಲು ಮುಗಿಯುತ್ತಿತ್ತು. ರಿಪೇರಿಯವನು ಬಿಚ್ಚಿ, ಸ್ಪ್ರಿಂಗೇ ಇಲ್ಲದ್ದು ಕಂಡು ದಿಗಿಲಾಗಿ, ಚಿಮುಟದಲ್ಲಿ ಕೆದಕಿ ಇನ್ನಷ್ಟು ಕೆಡಿಸುತ್ತಿದ್ದ. ಆಮೇಲೆ ಬೀರುವಿನ ಮೂಲೆ. ಅಂಥ ನಾಲ್ಕು ಹೆಣಗಳನ್ನು ಮೇಷ್ಟ್ರು ಕೇಳಿ, ಕಾಡಿ, ಕಲೆಹಾಕಿದ್ದರು.

ಮೊದಲನೆಯದನ್ನು ಕೊಟ್ಟವರು ರಿಟೈರಾದ ಇಂಜಿನಿಯರ್ ಶ್ಯಾಮಣ್ಣನವರು. ಅವರ ಮೊಮ್ಮಗ ಮೇಷ್ಟ್ರ ಕ್ಲಾಸಿನಲ್ಲಿದ್ದ. ಜಗುಲಿಯ ಮೇಲೆ ನಿಂತ ಶ್ಯಾಮಣ್ಣನವರು, ಕೆಳಗೆ ಅಂಗೈ ಚಾಚಿ ನಿಂತ ಬಿಎಸ್ಸಿ ಪದವೀಧರನಿಗೆ, ಮೊಳದ ಎತ್ತರದಿಂದ ವಾಚು ಬಿಟ್ಟರು.

"ತಗೊಳ್ಳಯ್ಯಾ ಸಿದ್ದಯ್ಯ. ಸತ್ತ ವಾಚು. ನಿನ್ನ ಸೈನ್ಸ್ ಹುಡುಗರಿಗೆ ತೋರಿಸು."

ಗಾಜು ಒಡೆದರೆ ಒಡೆಯಲಿ, ಕೈಗೆ ಕೈ ತಾಗಬಾರದು. ಇದು ಪುರಾಣದ ಮಾತಲ್ಲ, ಎಪ್ಪತ್ತೊಂದನೆಯ ಇಸವಿಯ ಮಾತು. ಸಂವಿಧಾನಕ್ಕೆ ಆಗಲೇ ಮೀಸೆ ಬಂದಿತ್ತು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನ ಅಂಗೈ ಮಾತ್ರ ಇನ್ನೂ ಕೆಳಗೇ ಇತ್ತು.

ಮೇಷ್ಟ್ರು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದರು. ಭಾನುವಾರಗಳಲ್ಲಿ ಸ್ಕೂಲಿನ ಸೂಕ್ಷ್ಮದರ್ಶಕದ ಕೆಳಗೆ ಆ ವಾಚನ್ನು ಬಿಚ್ಚಿಟ್ಟುಕೊಂಡು ಕೂತರು. ಚಕ್ರವನ್ನು ತಳ್ಳುವ ಕಡ್ಡಿ ಕೂದಲಿಗಿಂತ ಸಣ್ಣದು, ಅದು ಬಾಗಿತ್ತು. ಉಸಿರು ಬಿಗಿಹಿಡಿದು ಅದನ್ನು ನೆಟ್ಟಗೆ ಮಾಡಬೇಕು. ಬೀಗ ತೆಗೆದುಕೊಟ್ಟ ಜವಾನ ಮುದ್ದಯ್ಯ ಬಾಗಿಲಲ್ಲೇ ಕೂತು ಬೀಡಿ ಹಚ್ಚುತ್ತಿದ್ದ.

"ಏನ್ ಮೇಷ್ಟ್ರೇ, ಅದ್ರೊಳಗೆ ಜೀವ ಗೀವ ಅದಾ?"

"ಅದೆ ಕಣ್ಲಾ. ಉಸ್ರು ಸಿಗಾಕೊಂಡದೆ."

"ನಮ್ ಎಡ್‌ಮಾಷ್ಟ್ರುನೂ ಒಂದ್ ದಿನ ಇಂಗೇ ಬಿಚ್ ನೋಡಿ. ಉಸ್ರಾಡ್ತರೆ, ಏನೂ ಕ್ಯಾಮೆ ಮಾಡಾಕಿಲ್ಲ."

ಕಡ್ಡಿ ನೆಟ್ಟಗಾಯಿತು. ಆದರೆ ಅದರ ಹೊಟ್ಟೆಗೆ ಹಾಕಲು ಸೆಲ್ಲು ಎಲ್ಲಿದೆ? ಆ ಸೆಲ್ಲು ಈ ದೇಶದಲ್ಲಿ ಸಿಗದು. ಸಿಗುತ್ತಿದ್ದದ್ದು, ಅದೂ ಬೆಂಗಳೂರಿನ ಒಂದೇ ಅಂಗಡಿಯಲ್ಲಿ, ಕಿವಿಯ ಮಿಷನ್ನಿಗೆ ಹಾಕುವ ಪಾದರಸದ ಸೆಲ್ಲು. ಬಲ ಅಷ್ಟೇ, ಗಾತ್ರ ತುಸು ಕಿರಿದು. ಸಿಗರೇಟು ಪೊಟ್ಟಣದ ರಟ್ಟನ್ನು ಬಳೆಯ ಹಾಗೆ ಕತ್ತರಿಸಿ ಸುತ್ತ ಕೂರಿಸಿದರೆ ವಾಚಿಗೂ ಆಗುತ್ತಿತ್ತು. ಆ ಅಂಗಡಿಯನ್ನು ಮೇಷ್ಟ್ರು ಹುಡುಕಿದ್ದು ವಾಚಿಗಲ್ಲ, ಹೆಂಡತಿ ಮರಿತಾಯಮ್ಮನ ಕಿವಿಗೆ.

ಮರಿತಾಯಮ್ಮ ತನ್ನ ಕೇರಿಯಲ್ಲಿ ಟೀಚರ್ ತರಬೇತಿ ಮುಗಿಸಿದ ಮೊದಲ ಹೆಣ್ಣು. ಮದುವೆಯಾದ ಹೊಸತರಲ್ಲಿ ಕ್ಷಯ ಅಂಟಿತು. ಸೂಜಿಮದ್ದು ಎದೆ ಉಳಿಸಿತು, ಕಿವಿ ತಿಂದಿತು. ಮೈಸೂರಿನಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಶ್ರುತಿಕವೆಯನ್ನು ಬಡಿದು ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಆಕೆ ಬೆಚ್ಚಿ, "ಅದೆ, ಅದೆ" ಅಂದಿದ್ದಳು. ಮೇಷ್ಟ್ರಿಗೆ ಅದು ನೆನಪಿತ್ತು. ಶ್ಯಾಮಣ್ಣನವರ ವಾಚು ಎದ್ದ ದಿನ ಓಡಿಬಂದು, ಅಡಿಗೆ ಮಾಡುತ್ತಿದ್ದವಳ ಕಿವಿಯ ಹಿಂದಿನ ಮೂಳೆಗೆ ಅದನ್ನು ಒತ್ತಿದರು. ಸೌಟು ಹಿಡಿದೇ ಆಕೆ ನಕ್ಕಳು.

"ಮೇಷ್ಟ್ರೇ! ತಲೆ ಒಳ್ಗೆ ಜೇನು ಓಡಾಡ್ತದೆ!"

ಅಂದಿನಿಂದ ಬೇಜಾರಾದಾಗಲೆಲ್ಲ ಆಕೆ ಕೇಳದೆಯೇ ಅವರ ವಾಚು ಬಿಚ್ಚಿಕೊಂಡು ಮೂಳೆಗೆ ಒತ್ತಿ ಕೂರುವಳು. ಆ ಮನೆಯಲ್ಲಿ ಸುಖ ಅಂತ ಇದ್ದದ್ದು ಅಷ್ಟು.

ಅಂಗಡಿಯವನು ಎರಡು ಸೆಲ್ಲು ಕೊಟ್ಟರೆ ಒಂದು ಮರಿತಾಯಮ್ಮನ ಕಿವಿಗೆ, ಒಂದು ವಾಚುಗಳಿಗೆ. ನಾಲ್ಕು ವಾಚು, ಒಂದೇ ಸೆಲ್ಲು. ಸರದಿಯ ಮೇಲೆ ಈ ವಾರ ಇದಕ್ಕೆ, ಬರುವ ವಾರ ಅದಕ್ಕೆ. ಓಡದೆ ಬಿಟ್ಟರೆ ಎಣ್ಣೆ ಹೆಪ್ಪುಗಟ್ಟುತ್ತದೆ ಎನ್ನುತ್ತಿದ್ದರು. ಕಿವಿಗೂ ವಾಚಿಗೂ ಸಮಪಾಲು ಹಂಚಿದ ಈ ನ್ಯಾಯ ಅವರಿಗೆ ಅನ್ಯಾಯ ಅನ್ನಿಸಲೇ ಇಲ್ಲ.

ಮರಿತಾಯಮ್ಮನಿಗೆ ಕೊಪ್ಪದ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಕಿವಿಯ ಮಿಷನ್ನನ್ನು ತುರುಬು, ಕನಕಾಂಬರದ ದಂಡೆಯೊಳಗೆ ಮುಚ್ಚಿಟ್ಟು ಬಸ್ಸು ಹತ್ತುವಳು. ಅಲ್ಲಿ ಯಾರಿಗೂ ಗೊತ್ತಿಲ್ಲ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಒಳ್ಳೆಯ ಮಾತು ಬರೆದರೆ ಕೆಲಸ ಕಾಯಂ.

ಎಪ್ಪತ್ತಮೂರರ ಚಳಿಗಾಲದಲ್ಲಿ ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು. ಅದೇ ದಿನ ಮೇಷ್ಟ್ರ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ಮುಖ್ಯ ಅತಿಥಿ ಶ್ಯಾಮಣ್ಣನವರು.

ಮೇಷ್ಟ್ರಿಗೆ ನಿದ್ದೆ ಹತ್ತಲಿಲ್ಲ. ಆ ಮನುಷ್ಯ ಒಮ್ಮೆ, ಒಂದೇ ಒಂದು ಸಲ, ಬಗ್ಗಿ ಈ ಸಿದ್ದಯ್ಯನ ಮಣಿಕಟ್ಟಿಗೆ ಕಿವಿ ಕೊಡಬೇಕು. ಸತ್ತಿದೆ ಎಂದು ಮೇಲಿನಿಂದ ಉದುರಿಸಿದ್ದು ಈ ಮೈಯ ಮೇಲೆ ಗುಂಯ್ ಎನ್ನುವುದನ್ನು ಕೇಳಬೇಕು. ಆದರೆ ವಾಚುಗಳ ಪಾಲಿನ ಸೆಲ್ಲು ದಸರೆಯಿಂದಲೇ ಸೋತಿತ್ತು. ಹಾಕಿದರೆ ಕೆಲಹೊತ್ತು ಓಡಿ, ಯಾವ ಗಳಿಗೆಯಲ್ಲಾದರೂ ನಿಲ್ಲುವುದು. ಹೊಸ ಸೆಲ್ಲು ಮನೆಯಲ್ಲಿದ್ದದ್ದು ಒಂದೇ, ಮಿಷನ್ನಿನಲ್ಲಿ.

ಬೆಳಿಗ್ಗೆ ಮರಿತಾಯಮ್ಮ ನೀರು ತಾಗಬಾರದೆಂದು ಮಿಷನ್ನನ್ನು ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದಳು. ಮೇಷ್ಟ್ರು ಸೆಲ್ಲು ಬದಲಾಯಿಸಿದರು. ಸೋತ ಸೆಲ್ಲು ಹಾಕಿ, ಮಿಷನ್ನನ್ನು ಮುಷ್ಟಿಯಲ್ಲಿ ಮುಚ್ಚಿ ನೋಡಿದರು. ಕುಯ್ ಎಂದು ಶಿಳ್ಳೆ ಹಾಕಿತು. ಬ್ಯಾಟರಿ ದೀಪದ ಸೆಲ್ಲು ಮಂಕಾಗಿ, ಇನ್ನೂ ಮಂಕಾಗಿ, ಆಮೇಲೆ ಸಾಯುತ್ತದೆ. ಇದೂ ಹಾಗೇ, ಸಾಯಂಕಾಲದವರೆಗೆ ಹೇಗೋ ಎಳೆಯುತ್ತದೆ ಎಂದು ಲೆಕ್ಕ ಹಾಕಿದರು. ಪಾದರಸದ ಸೆಲ್ಲು ಹಾಗಲ್ಲ. ಕೊನೆಯ ಗಳಿಗೆಯವರೆಗೂ ನಗುನಗುತ್ತಾ ಇದ್ದು, ದೀಪ ಊದಿದಂತೆ ಹೋಗುತ್ತದೆ. ಸೈನ್ಸ್ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಆಕೆ ಮಿಷನ್ನು ಸಿಕ್ಕಿಸಿಕೊಳ್ಳುತ್ತಾ ಕೇಳಿದಳು. "ಸೆಲ್ಲು ಒಸದೇ ತಾನೆ ಇರಾದು ಮೇಷ್ಟ್ರೇ? ಇವತ್ತು ಕೈ ಕೊಟ್ರೆ ನನ್ ಕತೆ ಮುಗುದಂಗೇಯ."

ಮೇಷ್ಟ್ರು ತಲೆಯಾಡಿಸಿದರು. ಬಾಯಿ ಬಿಟ್ಟು ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ.

ಪ್ರದರ್ಶನದಲ್ಲಿ ಶ್ಯಾಮಣ್ಣನವರು ಮೇಜಿನಿಂದ ಮೇಜಿಗೆ ಬಂದರು. ಮೇಷ್ಟ್ರು ಮಣಿಕಟ್ಟು ಮುಂದೆ ಚಾಚಿ, "ತಮ್ಮ ವಾಚು ಸಾರ್. ಓಡ್ತಿದೆ. ಕೇಳಿ ನೋಡಿ" ಅಂದರು.

"ಬಿಚ್ಚಿ ಮೇಜಿನ ಮೇಲಿಡಯ್ಯಾ."

ಬಿಚ್ಚಿ ಇಟ್ಟರು. ಶ್ಯಾಮಣ್ಣನವರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಮೇಜಿಗೆ ಬಗ್ಗಿದರು. "ಹೌದಲ್ಲೋ! ಯಾರ ಹತ್ತಿರ ರಿಪೇರಿ ಮಾಡಿಸಿದೆ? ಬೆಂಗಳೂರಾ?" ಉತ್ತರಕ್ಕೆ ಕಾಯದೆ ಪಕ್ಕದ ಮೇಜಿನ ಮಣ್ಣಿನ ಜ್ವಾಲಾಮುಖಿಯ ಕಡೆ ನಡೆದರು.

ಅಷ್ಟೇ. ಹೆಂಡತಿಯ ಕಿವಿ ಕದ್ದು ಕೊಂಡುಕೊಂಡದ್ದು ಅಷ್ಟೇ.

ಸಾಯಂಕಾಲ ಮೇಷ್ಟ್ರು ಮನೆಗೆ ಬಂದಾಗ ಮರಿತಾಯಮ್ಮ ಆಗಲೇ ಬಂದು ಹೊಸ್ತಿಲ ಬಳಿ ಕೂತಿದ್ದಳು. ಮುಡಿಯಲ್ಲಿ ಹೂವಿರಲಿಲ್ಲ. ಕಿವಿ ಕೇಳದವರ ಎತ್ತರದ ದನಿಯಲ್ಲಿ ತಾನೇ ಹೇಳಿದಳು.

"ಇನ್‌ಸ್ಪೆಕ್ಟ್ರು ಬರಾಗಂಟ ಚೆನ್ನಾಗೇ ಕೇಳ್ತಿತ್ತು ಕಣ್ರೀ. ಮಗಾ ಮಗ್ಗಿ ಯೋಳಾಕೆ ಸುರು ಮಾಡ್ತು, ಪಟ್ಟಂತ ಓಯ್ತು. ಮಕ್ಳೆಲ್ಲ ನಗ್ತಾ ಅವೆ. ಸರ್ಯಾಗ್ ಯೋಳ್ದ ಅನ್ಕಂಡು ನಾನು ಸಾಬಾಸ್ ಅಂದೆ. ತಪ್ ಯೋಳಿದ್ನಂತೆ. ಆವಯ್ಯ ಇಂದ್ಗಡೆ ಬಂದು ನನ್ ಎಸ್ರು ಕೂಗವ್ನೆ, ನಂಗೆ ಗೊತ್ತಿಲ್ಲ. ರೂಲುಕಡ್ಡೀಲಿ ಊವ ಎತ್ತಿ ನೋಡ್ದ ಮೇಷ್ಟ್ರೇ. ದನದ ಕಿವಿ ನೋಡ್ದಂಗೆ. ನಾಳಿಂದ ಬರ್ಬ್ಯಾಡ ಅಂದ್ಬುಟ್ಟ. ಎಲ್ಲಾ ಆ ಪಾಪಿ ಸೆಲ್ಲಿಂದ."

ಮೇಷ್ಟ್ರು ಗೋಡೆಗೆ ಒರಗಿ ನಿಂತರು. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಆಕೆ ಎದ್ದು ಬಂದು, ಎಂದಿನ ಹಾಗೆ ಅವರ ಮಣಿಕಟ್ಟಿನಿಂದ ವಾಚು ಬಿಚ್ಚಿಕೊಂಡಳು. ದಸರೆಯಿಂದ ಅದು ನಿಂತಿದೆಯೆಂಬುದು ಆ ದುಃಖದಲ್ಲಿ ಮರೆತಿರಬೇಕು. ಕಿವಿಯ ಹಿಂದಿನ ಮೂಳೆಗೆ ಒತ್ತಿದಳು. ಮೂಳೆಯೊಳಗೆ ಜೇನು ಗುಂಯ್ ಎಂದಿತು. ಕಣ್ಣು ಮುಚ್ಚಿತು. ಮತ್ತೆ ಮೆಲ್ಲಗೆ ತೆರೆಯಿತು.

ವಾಚನ್ನು ಬೋರಲು ಮಾಡಿ, ಗೂಡಿನಲ್ಲಿದ್ದ ನಾಣ್ಯವನ್ನು ಅದರ ಬೆನ್ನಿನ ಗೀರಿಗೆ ಕೊಟ್ಟು ತಿರುಗಿಸಿದಳು. ಅವರು ಮಾಡುವುದನ್ನು ಎಷ್ಟೋ ಸಲ ನೋಡಿದ್ದಳು. ರಟ್ಟಿನ ಬಳೆಯೊಳಗೆ ಹೊಳೆಯುವ ಹೊಸ ಸೆಲ್ಲು ಅಂಗೈಗೆ ಬಿತ್ತು.

"ಅಮ್ಮಿ, ಒಂದ್ ದಿನಕ್ಕೆ ಅಂತ... ಬೈಗೊತ್ಗೆ ಆಕ್ಬುಡಾನ ಅಂತಿದ್ದೆ..."

ಆಕೆ ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಷ್ಟ್ರು ದನಿ ಏರಿಸಿದರು. ಇನ್ನೂ ಏರಿಸಿದರು. ಜಗುಲಿ, ಉದುರಿ ಬಿದ್ದ ವಾಚು, ಶ್ಯಾಮಣ್ಣನವರ ಬೆನ್ನಿಗೆ ಕಟ್ಟಿದ ಕೈ, ಎಲ್ಲವನ್ನೂ ಕೂಗಿ ಹೇಳಿದರು. ಎದುರು ಮನೆಯ ಬೆಳ್ಳಮ್ಮ ಪೊರಕೆ ಹಿಡಿದೇ ಬೀದಿಗೆ ಬಂದಳು.

"ಯಾಕ್ ಮೇಷ್ಟ್ರೇ ಅಂಗ್ ಕಿರುಚ್ಕತೀರಿ? ಆವಮ್ಮ ಏನ್ ಮಾಡ್ತು ನಿಮ್ಗೆ?"

ಇಡೀ ಬೀದಿಗೆ ಕೇಳಿಸಿತು. ಮರಿತಾಯಮ್ಮ ಅವರ ತುಟಿಯನ್ನೂ ನೋಡದೆ ಒಲೆಯ ಕಡೆ ತಿರುಗಿದಳು. "ಯೋಳ್ಕಳಿ ಮೇಷ್ಟ್ರೇ. ನಂಗೆ ಕೇಳಾಕಿಲ್ಲ."

ಆ ಶಾಲೆಗೆ ಬೇರೊಬ್ಬರು ಬಂದರು. ಮರಿತಾಯಮ್ಮ ಕೇರಿಯ ಹೆಂಗಸರ ಜೊತೆ ಕಬ್ಬಿನ ತರಗು ತೆಗೆಯಲು ಹೋಗತೊಡಗಿದಳು. ಅಲ್ಲಿ ಕಿವಿ ಬೇಕಾಗಿರಲಿಲ್ಲ. ಮೇಷ್ಟ್ರು ಬೆಂಗಳೂರಿಗೆ ಹೋಗಿ ಒಂದೇ ಒಂದು ಸೆಲ್ಲು ತಂದು, ಮಿಷನ್ನಿನ ಜೊತೆ ಆಕೆಯ ಮುಂದಿಟ್ಟರು. ಆಕೆ ತರಗು ಗೀರಿದ ಬೆರಳಿನಲ್ಲಿ ಅದನ್ನು ಹಿಂದಕ್ಕೆ ಸರಿಸಿದಳು.

"ಎತ್ತಿಡಿ. ವಾಚಿಗಾಯ್ತದೆ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು.

ನಾಲ್ಕು ವಾಚೂ ಗೂಡಿನಲ್ಲಿ ನಾಲ್ಕು ಹೊತ್ತು ತೋರಿಸುತ್ತಾ ನಿಂತವು. ಎಣ್ಣೆ ಹೆಪ್ಪುಗಟ್ಟಿತು. ಪಕ್ಕದಲ್ಲಿಟ್ಟ ಸೆಲ್ಲು, ಯಾರೂ ಮುಟ್ಟದೆ, ಬಿಳಿಯ ಬೂಷ್ಟು ಕಾರಿಕೊಂಡಿತು. ಬರಿಗೈಯಲ್ಲಿ ಕ್ಲಾಸಿಗೆ ಹೋಗುತ್ತಿದ್ದ ಮೇಷ್ಟ್ರು ಗಂಟೆ ಎಷ್ಟಾಯಿತೆಂದು ಮುದ್ದಯ್ಯನನ್ನು ಕೇಳುತ್ತಿದ್ದರು.