ಅಲುಗದ ಪಿಸ್ಟನ್ನು

ಓಡದ ವಾಹನವೊಂದು ಮನೆಯಲ್ಲಿದ್ದರೆ ಅದು ನಿಧಾನವಾಗಿ ಕಪಾಟಾಗಿಬಿಡುವುದನ್ನು ನೀವೂ ಕಂಡಿರಬಹುದು. ಚಳ್ಳಕೆರೆಯ ನಮ್ಮ ಮನೆಯ ಹಿಂದಿನ ಗೋಡೌನಿನಲ್ಲಿ ನಿಂತಿದ್ದ ನನ್ನ ಹಳೆಯ ಬೈಕಿನ ಸೀಟಿನ ಮೇಲೆ ಮೊದಲು ಖಾಲಿ ಗೋಣಿಚೀಲಗಳು ಬಂದು ಕೂತವು, ಆಮೇಲೆ ಹ್ಯಾಂಡಲಿಗೆ ಬೆಳ್ಳುಳ್ಳಿಯ ಗೊಂಚಲುಗಳು ಜೋತುಬಿದ್ದವು, ಕಡೆಗೆ ನನ್ನ ಹೆಂಡತಿ ಪೆಟ್ರೋಲ್ ಟ್ಯಾಂಕಿನ ಮೇಲೆ ಸಂಡಿಗೆಯ ಮೊರವನ್ನೇ ಇಡತೊಡಗಿದಳು. ಒಂದು ಕಾಲಕ್ಕೆ ಪರಶುರಾಂಪುರದ ರಸ್ತೆಯಲ್ಲಿ ಎರಡು ಸೈಲೆನ್ಸರಿನಿಂದ ಹೊಗೆಯುಗುಳುತ್ತ, ಕುರಿಮಂದೆಗಳನ್ನು ಎರಡು ಹೋಳು ಮಾಡುತ್ತ ಓಡಿದ್ದ ಗಾಡಿ ಅದು. ಕಳೆದ ಚಳಿಗಾಲದಲ್ಲಿ ಅವಳ ಸಹನೆ ಮುಗಿಯಿತು. "ರಿಪೇರಿ ಮಾಡಿಸ್ತೀರೋ, ಗುಜರಿಗೆ ಹಾಕ್ತೀರೋ, ಏನಾರ ಒಂದ್ ಮಾಡ್ರಿ. ನಂಗೆ ಜಾಗ ಬೇಕು" ಅಂದಳು.

ಅದರ ಪಿಸ್ಟನ್ನು ಕಚ್ಚಿಕೊಂಡು ಒಂಬತ್ತು ವರ್ಷವಾಗಿತ್ತು. ಕಿಕ್ ಮೇಲೆ ನಿಂತು ಕುಣಿದರೂ ಅದು ಕೂದಲೆಳೆಯಷ್ಟು ಕೆಳಗಿಳಿಯುತ್ತಿರಲಿಲ್ಲ. ಕಾರಣ ಯಾರು ಕೇಳಿದರೂ ನನ್ನ ಬಳಿ ಉತ್ತರ ಸಿದ್ಧವಿತ್ತು: ಓಬಳೇಶ.

ಓಬಳೇಶ ಮೊಳಕಾಲ್ಮೂರಿನ ನೇಕಾರ, ಕಾಲೇಜಿನಲ್ಲಿ ನನ್ನ ಬೆಂಚಿನವನು, ನಮ್ಮ ಮನೆಯ ಅಡುಗೆಮನೆಯವರೆಗೂ ನೇರ ನಡೆದುಬರುತ್ತಿದ್ದ ಒಬ್ಬನೇ ಗೆಳೆಯ. ನಾನು ಹೊಸ ಸ್ಕೂಟರು ಕೊಂಡ ವರ್ಷ ಅವನು ನೂಲು ತರುವ ಓಡಾಟಕ್ಕೆಂದು ಎರಡು ತಿಂಗಳು ಈ ಬೈಕನ್ನು ಒಯ್ದಿದ್ದ, ತೊಳೆದು ಒರೆಸಿ ಓಡಿಸಿಕೊಂಡೇ ತಂದು ಒಪ್ಪಿಸಿದ್ದ. ನಾನು ಅದನ್ನು ಗೋಡೌನಿಗೆ ಸೇರಿಸಿದೆ. ವರ್ಷದ ಮೇಲೆ ಒಂದು ದಿನ ಆಸೆಯಾಗಿ ಒದ್ದರೆ ಕಿಕ್ ಇಳಿಯಲಿಲ್ಲ. ಇಂಥ ಹಳೆಯ ಇಂಜಿನ್ನುಗಳಿಗೆ ಪೆಟ್ರೋಲಿನಲ್ಲೇ ಅಳತೆಯಷ್ಟು ಎಣ್ಣೆ ಬೆರೆಸಬೇಕು. ಮರೆತರೆ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಉಜ್ಜಿ ಕಚ್ಚಿಕೊಳ್ಳುತ್ತದೆ. ಬಿಸಿಯಿರುವಾಗ ಹೇಗೋ ಓಡಿ ಬಂದಿದೆ, ಆರಿದ ಮೇಲೆ ಕಚ್ಚಿದೆ ಎಂದು ನಾನು ತೀರ್ಪು ಬರೆದುಬಿಟ್ಟೆ.

ಅದರ ಮರುವಾರ ಅವನು ಬಂದಾಗ, ನಮ್ಮ ಎಣ್ಣೆ ಗಿರಣಿಯ ನಾಲ್ಕಾರು ಜನರ ಮುಂದೆಯೇ, "ಮಗ್ಗ ಬಿಟ್ರೆ ನಿಂಗೇನ್ ಗೊತ್ತಲೇ? ಎಣ್ಣೆ ಬೆರೆಸ್ದೆ ಓಡ್ಸಿ ಇಂಜಿನ್ನೇ ತಿಂದ್ಯಲ್ಲ" ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಬೆರೆಸಿದ್ದೆ ಅನ್ಸುತ್ತೆ" ಅಂದ. ಆ "ಅನ್ಸುತ್ತೆ"ಯನ್ನು ನಾನು ತಪ್ಪೊಪ್ಪಿಗೆಯೆಂದೇ ಹಿಡಿದುಕೊಂಡೆ. ಅರ್ಧ ಕುಡಿದ ಚಹಾ ಇಟ್ಟು ಎದ್ದುಹೋದವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಸಿಟ್ಟು ಮಾಡಿಕೊಂಡಿದ್ದಾನೆ, ಮಾಡಿಕೊಳ್ಳಲಿ, ಕೆಡಿಸಿದವನು ಅವನು ತಾನೇ ಎಂದು ನಾನೂ ಸುಮ್ಮನಾದೆ. ಮೊದಮೊದಲು ಹಬ್ಬಕ್ಕಾದರೂ ಬರಬಹುದೆಂದು ಬಾಗಿಲ ಕಡೆ ನೋಡುತ್ತಿದ್ದೆ ಎಂಬುದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ.

ಬಳ್ಳಾರಿ ರಸ್ತೆಯ ಮೆಕ್ಯಾನಿಕ್ ತಿಪ್ಪೇಸ್ವಾಮಿಯ ಬಳಿಗೆ ಗಾಡಿಯನ್ನು ತಳ್ಳಿಕೊಂಡು ಹೋಗಿ, ಗೆಳೆಯನೊಬ್ಬ ಎಣ್ಣೆ ಬೆರೆಸದೆ ಓಡಿಸಿ ಕೆಡಿಸಿದ ಎಂದು ಅಲ್ಲೂ ದೂರು ಹೇಳಿದೆ. ಅವರು ನನಗಿಂತ ಹಿರಿಯರು, ಮಾತು ಕಡಿಮೆ. ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಎರಡು ದಿನ ನೆನೆಹಾಕಿದರು. ಮೂರನೆಯ ದಿನ ಇಂಜಿನ್ನಿನ ತಲೆ ಬಿಚ್ಚಿ, ಪಿಸ್ಟನ್ನಿನ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ಬಡಿದರು. ಅದು ಜಪ್ಪಯ್ಯ ಅನ್ನಲಿಲ್ಲ. "ಜೋರಾಗಿ ಒಂದ್ ಕೊಡ್ರಿ" ಎಂದು ನಾನು ಅವಸರಿಸಿದೆ.

"ಸಿಟ್ಟು ಇಲ್ಲಿ ನಡೆಯಲ್ಲ ಸಾವ್ಕಾರ್ರೆ. ಹೊಡೆದ್ರೆ ಪಿಸ್ಟನ್ ಒಡೀತೈತೆ. ಯಾಕೆ ಹಿಡಿದೈತೆ ಅಂತ ಮೊದ್ಲು ನೋಡಾನ" ಅಂದ ಅವರು ಟಾರ್ಚು ಹಿಡಿದು ಒಳಗೆ ಬಗ್ಗಿದರು. ಪಿಸ್ಟನ್ನಿನ ಅಂಚಿನ ಸುತ್ತ ಜೇನಿನ ಬಣ್ಣದ ಗಟ್ಟಿ ಪದರವೊಂದು ಹೊಳೆಯುತ್ತಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದು, ಬೆರಳನ್ನು ನನ್ನ ಮುಂದೆ ಚಾಚಿದರು. ಕಮಟು ವಾಸನೆ. ಎಣ್ಣೆ ಗಿರಣಿಯಲ್ಲಿ ಹುಟ್ಟಿ ಬೆಳೆದವನಿಗೆ ಆ ವಾಸನೆಯನ್ನು ಯಾರೂ ಪರಿಚಯಿಸಬೇಕಿಲ್ಲ.

"ಯಾರ್ರೀ ಇದ್ರೊಳಗೆ ಶೇಂಗಾ ಎಣ್ಣೆ ಹುಯ್ದೋರು?"

ಹುಯ್ದವನು ನಾನು. ನಮ್ಮೂರಿನವರಿಗೆ ಶೇಂಗಾ ಎಣ್ಣೆಯೆಂದರೆ ಬರೀ ಒಗ್ಗರಣೆಯ ಸಾಮಗ್ರಿಯಲ್ಲ. ಬಾಗಿಲು ಕಿರುಗುಟ್ಟಿದರೆ ಅದೇ, ಎತ್ತಿನ ಕೊಂಬಿಗೆ ಅದೇ, ಮಗುವಿನ ನೆತ್ತಿಗೂ ಅದೇ. ನಮ್ಮವ್ವ ಗೋಡೆ ಗಡಿಯಾರದ ಹೊಟ್ಟೆಗೂ ನಾಲ್ಕು ಹನಿ ಬಿಟ್ಟಿದ್ದಳು. ಓಬಳೇಶ ಗಾಡಿ ಒಪ್ಪಿಸಿ ಹೋದ ದಿನ, ಬಹುಕಾಲ ನಿಲ್ಲುವ ಇಂಜಿನ್ನಿಗೆ ತುಕ್ಕು ಹಿಡಿಯಬಾರದೆಂದು, ನಮ್ಮದೇ ಗಿರಣಿಯ ಹೊಸ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಪ್ಲಗ್ಗು ಬಿಚ್ಚಿ, ಕಾಲು ಲೋಟ ಸುರಿದಿದ್ದೆ. ಅಷ್ಟು ಕಾಳಜಿಯಿಂದ ನಾನು ನನ್ನ ತಲೆಗೂ ಎಣ್ಣೆ ಹಚ್ಚಿಕೊಂಡವನಲ್ಲ. ಆ ಎಣ್ಣೆ ಬೇಸಿಗೆಯ ಕಾವಿಗೆ ಒಣಗಿ, ಅರಗಿನಂತೆ ಬಿಗಿದು, ಪಿಸ್ಟನ್ನನ್ನು ಹಿಡಿದುಕೊಂಡಿತ್ತು. ಅಷ್ಟನ್ನೂ ತಿಪ್ಪೇಸ್ವಾಮಿಯವರಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅವರು ಪೇಂಟಿನ ಥಿನ್ನರ್ ಸುರಿದು ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಅದನ್ನು ಚೆಲ್ಲಿ, ಒಳಗೆಲ್ಲ ಒರೆಸಿ ಆರಿಸಿದ ಮೇಲೆ, ಕುದಿಯುವ ನೀರಲ್ಲಿ ಅದ್ದಿದ ಬಟ್ಟೆಗಳನ್ನು ಸಿಲಿಂಡರಿಗೆ ಸುತ್ತಿ ಸುತ್ತಿ ಬಿಸಿ ಮಾಡಿದರು. ಮತ್ತೆ ಮರದ ತುಂಡು, ಮತ್ತೆ ಮೆಲ್ಲನೆಯ ಏಟು. ಹತ್ತೋ ಹನ್ನೆರಡೋ ಏಟಿಗೆ ಪಿಸ್ಟನ್ನು ನಿಟ್ಟುಸಿರಿಟ್ಟಂತೆ ಕೆಳಗಿಳಿಯಿತು. ಸಿಲಿಂಡರಿನ ಗೋಡೆಯನ್ನು ಒರೆಸಿ ಟಾರ್ಚು ಬಿಟ್ಟು ನೋಡಿದ ತಿಪ್ಪೇಸ್ವಾಮಿ ಅಂದರು: "ಒಂದ್ ಗೀರಿಲ್ಲ ನೋಡ್ರಿ. ಎಣ್ಣೆ ಬೆರೆಸ್ದೆ ಓಡಿಸಿದ್ರೆ ಇಲ್ಲಿ ಉದ್ದಕ್ಕೂ ಗೀರು ಬೀಳ್ಬೇಕಿತ್ತು. ಓಡಿಸ್ದೋನು ಚೆನ್ನಾಗೇ ಓಡಿಸ್ಯಾನೆ. ನಿಲ್ಸಿದೋನೇ ಕೆಡಿಸಿರಾದು."

ಗಾಡಿ ಬದುಕಿತೆಂದು ನಾನು ಹಿಗ್ಗಬೇಕಿತ್ತು. ಬದಲಿಗೆ ನಾಚಿಕೆಯಾಯಿತು. ಆ ಒಂದು ವಾರ ಕೂತಲ್ಲಿ ನಿಂತಲ್ಲಿ ಒಂದೇ ಯೋಚನೆ. ತಪ್ಪು ಮಾಡದ ಓಬಳೇಶ "ಅನ್ಸುತ್ತೆ" ಎಂದು ತನ್ನ ಮೇಲೆ ತಾನೇ ಅನುಮಾನ ಪಟ್ಟ, ತಪ್ಪು ಮಾಡಿದ ನನಗೆ ಒಂಬತ್ತು ವರ್ಷದಲ್ಲಿ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಕೆಟ್ಟದ್ದು ಮಾಡಿದ್ದರೆ ನೆನಪಾಗುತ್ತಿತ್ತೇನೋ. ಒಳ್ಳೆಯದೆಂದು ಮಾಡಿದ್ದರಲ್ಲಿ ನಾವು ಯಾರೂ ತಪ್ಪು ಹುಡುಕುವುದಿಲ್ಲವಲ್ಲ, ನೀವು ಹುಡುಕುತ್ತೀರಾ? ಪ್ರೀತಿಯಿಂದ ಸುರಿದದ್ದು ಯಾರನ್ನು ಎಲ್ಲಿ ಕಟ್ಟಿಹಾಕಿದೆಯೋ ಎಂದು ತಲೆ ಬಿಚ್ಚಿ ನೋಡುವ ತಾಳ್ಮೆ ನನಗಂತೂ ಇರಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲವೆಂದು ಖಚಿತವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅದೇ ಬೈಕಿನಲ್ಲಿ ಮೊಳಕಾಲ್ಮೂರಿಗೆ ಹೊರಟೆ.

ದಾರಿಯುದ್ದಕ್ಕೂ ಕಿತ್ತು ಮುಗಿದ ಶೇಂಗಾ ಹೊಲಗಳು, ಆಮೇಲೆ ಬಂಡೆಗಳ ಬೆಟ್ಟ. ಓಬಳೇಶನ ಬೀದಿಗೆ ತಿರುಗಿ ಇಂಜಿನ್ ಆರಿಸಿದಾಗ ಮಗ್ಗದ ಸದ್ದೂ ನಿಂತಿತು. ಬಾಗಿಲಿಗೆ ಬಂದ ಅವನ ಹೆಂಡತಿ, ಯಾರು ಬಂದಿದ್ದಾರೆ ನೋಡಿ ಎಂದು ಒಳಗಿದ್ದವನನ್ನು ತೆಲುಗಿನಲ್ಲಿ ಕರೆದಳು: "ಎವರೊಚ್ಚಾರೋ ಚೂಡಂಡಿ!" ಗುಂಡಿಮಗ್ಗದಿಂದ ಮೇಲೆದ್ದು ಬಂದವನ ತಲೆ ಪೂರ್ತಿ ನೆರೆತಿತ್ತು. ಅವನು ನನ್ನನ್ನು ನೋಡಲಿಲ್ಲ, ಬೈಕನ್ನೇ ನೋಡುತ್ತ ನಿಂತ.

"ತಪ್ಪು ನಂದು ಕಣೋ" ಎಂದು ನಿಂತಲ್ಲೇ ಶುರುಮಾಡಿ, ಶೇಂಗಾ ಎಣ್ಣೆಯಿಂದ ಹಿಡಿದು ತಿಪ್ಪೇಸ್ವಾಮಿಯವರ ಮಾತಿನವರೆಗೆ ಒಂದೂ ಬಿಡದೆ ಹೇಳಿದೆ. ಅವನು ಬೈಯುತ್ತಾನೆಂದು ಸಿದ್ಧನಾಗಿಯೇ ಹೋಗಿದ್ದೆ.

"ಗೀರು ಇರ್ಲಿಲ್ವಾ?" ಎಂದು ಕೇಳಿದ.

"ಒಂದೂ ಇರ್ಲಿಲ್ಲ."

ಅವನು ಜಗಲಿಯ ಮೇಲೆ ಕುಸಿದು ಕೂತ. "ನಾನೇ ಕೆಡಿಸ್ದೆ ಅಂದ್ಕಂಡಿದ್ದೆ ಕಣಲೇ. ಎಣ್ಣೆ ಬೆರೆಸಿದ್ನೋ ಇಲ್ವೋ ಅಂತ ಎಷ್ಟು ನೆನೆಸ್ಕಂಡ್ರೂ ನೆನಪಾಗ್ಲಿಲ್ಲ. ನಿನ್ ಮುಖ ಹೆಂಗ್ ನೋಡ್ಲಿ ಅಂತ ಬರ್ಲಿಲ್ಲ. ಆವತ್ತಿಂದ ಯಾರ ಗಾಡೀನೂ ಕೇಳಿಲ್ಲ. ಮನ್ಯಾಗೆ ಮಗಳ ಗಾಡಿ ಐತೆ, ಅದನ್ನೂ ಮುಟ್ಟಿಲ್ಲ."

ಅವನಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಅವನು ನನ್ನನ್ನು ನಂಬಿದ್ದ. ಅದನ್ನು ಕೇಳಿ ನನಗೆ ಅಳು ಬಂತು, ತಡೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟೆ. "ಬ್ಯಾಡ ಬಿಡು" ಅಂದ. ನಾನು ಹೋಗಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಕೈ ಒರೆಸಿಕೊಂಡು ಬಂದು, ಹ್ಯಾಂಡಲ್ ಹಿಡಿದು, ಒಂದೇ ಕಿಕ್ಕಿಗೆ ಇಂಜಿನ್ ಹೊತ್ತಿಸಿದ. ಬೀದಿಯ ಕೊನೆಯವರೆಗೂ ಮೊದಲನೇ ಗೇರಿನಲ್ಲೇ ಹೋದ; ಗೇರು ಬದಲಿಸು ಎಂದು ನಾನು ಹೇಳಲಿಲ್ಲ.