ತನುಜ ಮೇಡಂ ಬರೆದ ಐದನೆಯ ಅಧ್ಯಾಯ

ಗೌರಿಬಿದನೂರಿನ ಕಾಲೇಜಿನ ಹುಡುಗರಿಗೆ ತನುಜ ಮೇಡಂ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಗಣಿತ ಚೆನ್ನಾಗಿ ಹೇಳಿಕೊಡುತ್ತಾರೆ, ಬಸ್ಸಿನಲ್ಲಿ ಕೂತರೆ ಬಾಯಿ ತೆರೆದು ನಿದ್ದೆ ಹೋಗುತ್ತಾರೆ, ಅಷ್ಟೇ. ನಿದ್ದೆಯಲ್ಲಿ ಆಕೆಯ ತಪ್ಪೇನಿತ್ತು ಹೇಳಿ. ಮನೆ ಚಿಕ್ಕಬಳ್ಳಾಪುರದಲ್ಲಿ, ಕೆಲಸ ಗೌರಿಬಿದನೂರಿನಲ್ಲಿ, ಪಿಎಚ್.ಡಿ. ಗೈಡು ಚಿಂತಾಮಣಿಯಲ್ಲಿ, ಕಾಯಿಲೆ ಬಿದ್ದ ತಾಯಿ ಶಿಡ್ಲಘಟ್ಟದಾಚೆಯ ಜಂಗಮಕೋಟೆಯಲ್ಲಿ. ಹೀಗೆ ನಾಲ್ಕು ಕಡೆಗೆ ಹಂಚಿಹೋದ ಹೆಂಗಸು ಬಸ್ಸಿನಲ್ಲಲ್ಲದೆ ಇನ್ನೆಲ್ಲಿ ನಿದ್ದೆ ಮಾಡಬೇಕು?

ತಂದೆ ಮುನಿಶಾಮಿ ಪಂಚಾಯಿತಿ ಆಫೀಸಿನಲ್ಲಿ ಜವಾನರಾಗಿದ್ದವರು. ಮಗಳು ಎಂ.ಎಸ್ಸಿ. ಮುಗಿಸಿದ ದಿನ ಬಾಬಾಸಾಹೇಬರ ಪಟಕ್ಕೆ ಹೂವಿನ ಹಾರ ಹಾಕಿ, "ಇನ್ನೊಂದು ಮೆಟ್ಲು ಇದೆಯಂತಲ್ಲಮ್ಮ, ಅದನ್ನೂ ಹತ್ತಿಬಿಡು" ಅಂದಿದ್ದರು. ಆ ಮೆಟ್ಟಿಲು ಹತ್ತುವ ಮೊದಲೇ ಅವರು ತೀರಿಕೊಂಡರು. ಮೆಟ್ಟಿಲು ಮಾತ್ರ ಹಾಗೇ ಉಳಿಯಿತು.

ಆಕೆ ಮನಸೋತದ್ದು ರೆಪ್ರೆಸೆಂಟೇಶನ್ ಥಿಯರಿ ಅನ್ನುವ ವಿಷಯಕ್ಕೆ. ಹೆಸರು ಕೇಳಿ ಹೆದರಬೇಡಿ. ಗೋಜಲಾದ ಒಂದು ಗಣಿತದ ವಸ್ತುವನ್ನು ಬಿಡಿಸುತ್ತಾ ಹೋಗಿ, ಇನ್ನು ಬಿಡಿಸಲಾಗದ ತುಂಡುಗಳು ಯಾವುವು ಅಂತ ಹುಡುಕುವುದು ಅದರ ಕೆಲಸ. ಇದರಿಂದ ಏನು ಪ್ರಯೋಜನ ಅಂತ ಆಕೆಯನ್ನು ಕೇಳದವರಿಲ್ಲ. ಅತ್ತೆ ಕೇಳಿದರು, ಪ್ರಿನ್ಸಿಪಾಲರು ಕೇಳಿದರು, ಕೊನೆಗೆ ಹಲ್ಲಿನ ಡಾಕ್ಟರೂ ಆಕೆಯ ಬಾಯೊಳಗೆ ಕೈಯಿಟ್ಟುಕೊಂಡೇ ಕೇಳಿದರು. ಯಾರಿಗೂ ಸರಿಯಾದ ಉತ್ತರ ಕೊಡಲು ಆಕೆಗೆ ಆಗಿರಲಿಲ್ಲ.

ಎರಡು ಸಾವಿರದ ಐದರಲ್ಲಿ ಗೈಡು ಪುಟ್ಟಸ್ವಾಮಯ್ಯನವರು ಯಾವುದೋ ಸಮ್ಮೇಳನದಿಂದ ಒಂದು ಉತ್ತರ ಹಿಡಿದುಕೊಂಡು ಬಂದರು. ಬೇಸಿಗೆಯಲ್ಲಿ ಕೆರೆ ಬತ್ತುವುದನ್ನು ನೆನೆಸಿಕೊಳ್ಳಿ. ನೀರು ಇಳಿದಂತೆ ಒಂದೊಂದೇ ದಿಬ್ಬ ತಲೆ ಎತ್ತುತ್ತದೆ. ಇನ್ನಷ್ಟು ಇಳಿದರೆ ಪಕ್ಕಪಕ್ಕದ ದಿಬ್ಬಗಳು ಕೂಡಿಕೊಳ್ಳುತ್ತವೆ. ಯಾವ ದಿಬ್ಬ ಯಾವಾಗ ಹುಟ್ಟಿತು, ಯಾವಾಗ ಇನ್ನೊಂದರಲ್ಲಿ ಸೇರಿಹೋಯಿತು ಅಂತ ಒಂದೊಂದಕ್ಕೂ ಒಂದು ಗೆರೆ ಎಳೆದರೆ ಇಡೀ ಕೆರೆಯ ಬೇಸಿಗೆ ನಾಲ್ಕಾರು ಗೆರೆಗಳಲ್ಲಿ ಬಂದುಬಿಡುತ್ತದೆ. ಉದ್ದ ಗೆರೆಯಾದರೆ ನಿಜವಾದ ದಿಬ್ಬ, ಗಿಡ್ಡ ಗೆರೆಯಾದರೆ ಬರೀ ಕೆಸರಿನ ಉಬ್ಬು. ಅಂಕಿಅಂಶಗಳ ರಾಶಿಯಲ್ಲಿ ಹೀಗೆ ಆಕಾರ ಹುಡುಕುವ ಹೊಸ ವಿದ್ಯೆಗೆ ಟೋಪಾಲಜಿಕಲ್ ಡೇಟಾ ಅನಾಲಿಸಿಸ್ ಅನ್ನುತ್ತಾರೆ. ಯಾವ ರಾಶಿಯನ್ನಾದರೂ ಗೆರೆಗೆರೆಯಾಗಿ ಬಿಡಿಸಬಹುದು ಅಂತ ಅದಕ್ಕೆ ಭರವಸೆ ಕೊಡುವುದು, ಯಾರಿಗೂ ಬೇಡವಾಗಿದ್ದ ತನುಜಳ ರೆಪ್ರೆಸೆಂಟೇಶನ್ ಥಿಯರಿ. ಕೇಳಿದ ದಿನ ಆಕೆ ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ.

ಥೀಸಿಸ್ಸಿನ ಮೊದಲ ನಾಲ್ಕು ಅಧ್ಯಾಯ ಹಳೆಯ ಸರಕು. ಐದನೆಯದೇ ಅದರ ಜೀವ. ಕೆರೆಯಲ್ಲಿ ನೀರು ಇಳಿಯುವುದು ಒಂದು ಕಡೆಯಾದರೆ, ವರ್ಷದಿಂದ ವರ್ಷಕ್ಕೆ ಹೂಳು ಏರುವುದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬದಲಾದಾಗಲೂ ಎಲ್ಲವನ್ನೂ ಅಚ್ಚುಕಟ್ಟಾದ ಚೌಕಗಳಾಗಿ ಬಿಡಿಸಬಹುದು ಅನ್ನುವುದು ಪುಟ್ಟಸ್ವಾಮಯ್ಯನವರ ಒಂದು ಲೆಮ್ಮಾ, ಅಂದರೆ ದೊಡ್ಡ ಪ್ರಮೇಯಕ್ಕೆ ಬುನಾದಿಯಾಗುವ ಚಿಕ್ಕ ಪ್ರಮೇಯ. ನಿವೃತ್ತಿಗೆ ಮುಂಚೆ ಅವರು ಬರೆದ ಕೊನೆಯ ಪ್ರಬಂಧದಲ್ಲಿತ್ತು ಅದು. ಆ ಲೆಮ್ಮಾದ ಮೇಲೆ ತನುಜ ಐದನೆಯ ಅಧ್ಯಾಯ ಕಟ್ಟಿದಳು. ಮಗಳ ಚಿಕನ್‌ಪಾಕ್ಸ್, ತಾಯಿಯ ಪಾರ್ಶ್ವವಾಯು, ಕಾಲೇಜಿನ ನ್ಯಾಕ್ ತಪಾಸಣೆ, ಎಲ್ಲದರ ಸಂದಿನಲ್ಲಿ ಒಂದೊಂದು ಪುಟ. ಸಾಕಾಗಿತ್ತು ಆಕೆಗೆ. ಎರಡು ಸಾವಿರದ ಎಂಟರ ಹೊತ್ತಿಗೆ ವಿಷಯದ ಮೇಲಿನ ಪ್ರೀತಿ ಎಷ್ಟು ಉಳಿದಿತ್ತೋ ಗೊತ್ತಿಲ್ಲ, ಮುಗಿದರೆ ಸಾಕು ಅನ್ನುವುದಂತೂ ಗಟ್ಟಿಯಾಗಿತ್ತು. ವಿಶ್ವವಿದ್ಯಾಲಯ ಕೊನೆಯ ಗಡುವು ಕೊಟ್ಟಾಗಿತ್ತು: ಜೂನ್ ತಿಂಗಳೊಳಗೆ ಕೊಡದಿದ್ದರೆ ನೋಂದಣಿ ರದ್ದು.

ಇದರ ನಡುವೆ ಗಂಡ ಮಧುಸೂದನ್ ಒಂದು ಘನಕಾರ್ಯ ಮಾಡಿದ. ಅಂಚೆ ಕಚೇರಿಯ ಗುಮಾಸ್ತ, ಒಳ್ಳೆಯ ಮನುಷ್ಯ, ಆತುರ ಸ್ವಲ್ಪ ಜಾಸ್ತಿ. ತಂಗಿ ಅಮೃತಳ ಮದುವೆಯ ಲಗ್ನಪತ್ರಿಕೆಯಲ್ಲಿ, ಮೇಲೆ ಬುದ್ಧನ ಚಿತ್ರ, ಕೆಳಗೆ ಸುಖಾಗಮನ ಬಯಸುವವರ ಸಾಲಿನಲ್ಲಿ "ಡಾ. ತನುಜ ಮಧುಸೂದನ್" ಅಂತ ಅಚ್ಚು ಹಾಕಿಸಿಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ.

"ಏನ್ರೀ ಇದು? ಇನ್ನೂ ಕೊಟ್ಟೇ ಇಲ್ಲ!"

"ಮದುವೆ ಹೊತ್ಗೆ ಕೊಟ್ಟಿರ್ತೀಯಲ್ಲ ಕಣೇ. ನಮ್ಮ ಮನೇಲಿ ಹಾಕ್ಕೊಳ್ಳೋಕೆ ಇನ್ನೇನಿದೆ? ಇದ್ದಿದ್ದೊಂದು ಹಾಕಿಸ್ದೆ."

ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಆ ಒಂದಕ್ಷರದ ಮೇಲೆ ಆಕೆಗೂ ಆಸೆಯಿತ್ತು. ಕಾರ್ಡುಗಳು ನೆಂಟರ ಮನೆ ಸೇರಿದವು.

ಮೇ ತಿಂಗಳಲ್ಲಿ ಪರೀಕ್ಷೆ. ತನುಜಳಿಗೆ ಕೊಠಡಿ ಮೇಲ್ವಿಚಾರಣೆ ಬಿದ್ದಿತ್ತು. ಹುಡುಗರಲ್ಲಿ ಕೆಲವರು ಬರೆಯುತ್ತಿದ್ದರು, ಉಳಿದವರು ಬರೆಯುವವರನ್ನು ನೋಡುತ್ತಿದ್ದರು. ಐದನೆಯ ಅಧ್ಯಾಯಕ್ಕೆ ಒಂದು ಉದಾಹರಣೆ ಸೇರಿಸುವುದು ಬಾಕಿಯಿತ್ತು. ಜಂಗಮಕೋಟೆ ಕಡೆಯ ಕೆರೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಮಿಕ್ಕ ಪ್ರಶ್ನೆಪತ್ರಿಕೆಯ ಹಿಂದೆ ಲೆಕ್ಕ ಹಾಕಲು ಕೂತಳು. ಚೌಕಗಳಾಗಿ ಬಿಡಿಸಹೋದರೆ ಬಿಡಿಸಿಕೊಳ್ಳಲಿಲ್ಲ. ನಿದ್ದೆಗೆಟ್ಟ ತಲೆ, ಎಲ್ಲೋ ಕೂಡುವುದರಲ್ಲಿ ತಪ್ಪಿದ್ದೇನೆ ಅಂತ ಮತ್ತೆ ಹಾಕಿದಳು. ಮತ್ತೆಯೂ ಹಾಗೇ.

ಆಮೇಲೆ ಕಂಡಿತು. ನೀರಿನ ದಿಕ್ಕಿನಲ್ಲಿ ಒಡೆದರೆ ಒಡೆಯುತ್ತದೆ. ಹೂಳಿನ ದಿಕ್ಕಿನಲ್ಲಿ ಒಡೆದರೂ ಒಡೆಯುತ್ತದೆ. ಆದರೆ ಎರಡು ಒಡಕೂ ಒಂದೇ ಜಾಗದಲ್ಲಿ ಬೀಳಬೇಕಲ್ಲ? ಅಣ್ಣತಮ್ಮಂದಿರು ಅಡ್ಡಗೋಡೆ ಹಾಕಿ ಮನೆಯನ್ನು ಎರಡು ಪಾಲು ಮಾಡಿಕೊಂಡಾರು. ಅವ್ವ ಯಾರ ಪಾಲಿಗೆ? ಗೋಡೆ ಎಲ್ಲಿ ಎಬ್ಬಿಸಿದರೂ ಅವಳು ಇಬ್ಬರಿಗೂ ಸೇರಿದವಳೇ. ಈ ಕೆರೆಯ ಲೆಕ್ಕದ ನಟ್ಟನಡುವೆ ಅಂಥದೊಂದು ಅವ್ವ ಕೂತಿದ್ದಳು. ಲೆಮ್ಮಾದ ಸಾಧನೆಯಲ್ಲಿ ಪುಟ್ಟಸ್ವಾಮಯ್ಯನವರು ಮೊದಲ ದಿಕ್ಕನ್ನು ಎರಡು ಪುಟ ವಿವರಿಸಿ, ಎರಡನೆಯದಕ್ಕೆ "ಇದೇ ರೀತಿ" ಅಂತ ಬರೆದು ಮುಂದೆ ಹೋಗಿದ್ದರು. ತಪ್ಪು ಆ "ಇದೇ ರೀತಿ"ಯೊಳಗಿತ್ತು. ಲೆಮ್ಮಾ ಸುಳ್ಳು. ಐದನೆಯ ಅಧ್ಯಾಯ ಸುಳ್ಳು. ತನುಜಳಿಗೆ ಗಂಟೆ ಹೊಡೆದದ್ದೂ ತಿಳಿಯಲಿಲ್ಲ. ಮುಂದಿನ ಬೆಂಚಿನ ಹುಡುಗಿ, "ಮೇಡಂ, ಪೇಪರ್ ತಗೊಳ್ಳಲ್ವಾ?" ಅಂತ ಕೇಳಿದಳು.

ಭಾನುವಾರ ಚಿಂತಾಮಣಿ ಬಸ್ಸು ಹತ್ತಿದಳು. "ಜರಗಂಡಿ, ಮುಂದಕ್ಕೆ ಜರಗಂಡಿ" ಅಂತ ಕಂಡಕ್ಟರು ಕೂಗುತ್ತಿದ್ದ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿತು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ನನ್ನದೇ ಲೆಕ್ಕ ತಪ್ಪಾಗಿರಲಿ, ಸರ್ ನೋಡಿದ ತಕ್ಷಣ ನಕ್ಕುಬಿಡಲಿ. ತನ್ನ ಲೆಕ್ಕ ತಪ್ಪಾಗಲಿ ಅಂತ ಹರಕೆ ಹೊತ್ತ ಗಣಿತದ ಮೇಷ್ಟರನ್ನು ನಾನಂತೂ ಬೇರೆ ಕಂಡಿಲ್ಲ.

ಪುಟ್ಟಸ್ವಾಮಯ್ಯನವರ ಹೆಂಡತಿ ಪದ್ಮಮ್ಮ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಬಾಮ್ಮ, ಡಾಕ್ಟ್ರಾದ್ಮೇಲೆ ನಮ್ಮನ್ನ ಮರೀಬೇಡ" ಅಂದು ಕಾಫಿ ತರಲು ಒಳಗೆ ಹೋದರು. ಮೇಷ್ಟರು ಆರಾಮಕುರ್ಚಿಯಲ್ಲಿದ್ದರು. ಥೀಸಿಸ್ಸಿನ ಜೊತೆ ಗೈಡು ಕೊಡಬೇಕಾದ ಪ್ರಮಾಣಪತ್ರಕ್ಕೆ ಸಹಿ ಮಾಡಿ ಮೇಜಿನ ಮೇಲಿಟ್ಟಿದ್ದರು.

"ಸರ್, ನಿಮ್ಮ ಲೆಮ್ಮಾ ನಿಲ್ತಾ ಇಲ್ಲ" ಅಂದಳು ತನುಜ. ಬೇರೆ ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ.

ಅವರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಎಲ್ಲಿ, ಯಾವ ಸಾಲಿನಲ್ಲಿ, ಏನನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದರಲ್ಲೇ ಆಕೆಗೆ ಅರ್ಥವಾಯಿತು.

"ನಿಮ್ಗೆ ಗೊತ್ತಿತ್ತಾ ಸರ್?"

"ದೀಪಾವಳಿ ಹೊತ್ನಲ್ಲಿ ಕಣ್ಣಿಗೆ ಬಿತ್ತು ಕಣಮ್ಮ."

"ಮತ್ತೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ನೀನು ನಿದ್ದೆಗಣ್ಣಲ್ಲಿ ಆ ಬಸ್ಸಲ್ಲಿ ಬರ್ತಿದ್ದೆ. ಅಮ್ಮನ್ನ ಆಸ್ಪತ್ರೇಲಿ ಬಿಟ್ಟು ಬರ್ತಿದ್ದೆ. ಬಾಯಿ ಬರಲಿಲ್ಲ. ಪರೀಕ್ಷಕರು ನನಗೆ ಪರಿಚಯದೋರೇ, ಅಷ್ಟು ಆಳಕ್ಕೆ ಯಾರೂ ಹೋಗಲ್ಲ. ಪಾಪ, ನಿಮ್ಮ ಮನೇಲಿ ಒಂದು ಡಾಕ್ಟರೇಟ್ ಆಗ್ಲಿ ಅಂದ್ಕೊಂಡೆ. ಕೊಟ್ಬಿಡು ತನುಜಮ್ಮ. ಯಾರು ನೋಡ್ತಾರೆ?"

ಅವರ ದನಿಯಲ್ಲಿ ಕಪಟವಿರಲಿಲ್ಲ. ಕನಿಕರವಿತ್ತು. ಕಪಟವಿದ್ದಿದ್ದರೆ ಸಹಿಸಿಕೊಳ್ಳಬಹುದಿತ್ತು. ತನುಜಳಿಗೆ ಸಿಟ್ಟು ನೆತ್ತಿಗೇರಿತು. ಗುರುಗಳ ಎದುರು ದನಿ ಎತ್ತಿದವಳಲ್ಲ, ಆವತ್ತೂ ಎತ್ತಲಿಲ್ಲ.

"ನಾನು ನೋಡ್ತೀನಿ ಅಂತ ನಿಮಗೆ ಅನ್ನಿಸ್ಲೇ ಇಲ್ವಾ ಸರ್?"

ಪದ್ಮಮ್ಮ ಕಾಫಿ ತಂದಿಟ್ಟರು. ಇಬ್ಬರ ಮುಖ ನೋಡಿ ಹಿಂದಿರುಗಿದರು. ಮುದುಕ ಕೊನೆಗಾದರೂ ಸುಳ್ಳು ಹೇಳಲಿಲ್ಲ, ಅದೊಂದನ್ನು ಅವರ ಲೆಕ್ಕಕ್ಕೆ ಬರೆದುಕೊಳ್ಳಬೇಕು.

"ಇಲ್ಲಮ್ಮ. ಅನ್ನಿಸಿರಲಿಲ್ಲ."

ತನುಜ ಬ್ಯಾಗಿನಿಂದ ಆ ಪ್ರಶ್ನೆಪತ್ರಿಕೆ ತೆಗೆದು, ಹಿಂದುಮುಂದು ಮಾಡಿ ಅವರ ಮುಂದಿಟ್ಟಳು. "ಹಾಗಾದ್ರೆ ಇದನ್ನ ನೋಡಿ. ಎಲ್ಲಾದ್ರೂ ತಪ್ಪಿದ್ರೆ ಹೇಳಿ."

ಅವರು ಪೆನ್ಸಿಲ್ ತೆಗೆದುಕೊಂಡರು. ಮೊದಲ ಸಾಲಿನಿಂದ ಶುರು ಮಾಡಿದರು. ಒಂದೆಡೆ ನಿಂತು, "ಈ ಬಾಣ ಒನ್‌ಟುಒನ್ ಅಂತ ಯಾಕೆ?" ಅಂದರು. ಆಕೆ ಹೇಳಿದಳು. ಇನ್ನೊಂದೆಡೆ ಹಾಳೆಯ ಅಂಚಿನಲ್ಲಿ ತಾವೇ ಬಿಡಿಸಿ ನೋಡಿ, ಆಗದೆ ಅಳಿಸಿದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಕಾಫಿ ಆರಿ ಕೆನೆಗಟ್ಟಿತು. ಕೊನೆಯ ಸಾಲು ಮುಗಿದ ಮೇಲೆ ಅವರು ಪೆನ್ಸಿಲ್ ಕೆಳಗಿಟ್ಟರು.

"ಸರಿ ಇದೆ" ಅಂದರು. "ಪೂರ್ತಿ ಸರಿ ಇದೆ. ಇದನ್ನೇ ಬರೆದು ಕೊಡಬಹುದಿತ್ತು. ಆದ್ರೆ ಥೀಸಿಸ್ಸಿನ ಹೆಸರೇ ಬದಲಾಯ್ಸಬೇಕಾಗುತ್ತೆ, ಹೆಸರು ಬದಲಾದ್ರೆ ಹೊಸದಾಗಿ ನೋಂದಣಿ."

"ಇನ್ನೊಂದ್ಸಲ ಆಗಲ್ಲ ಸರ್. ಸುಸ್ತಾಗಿದೆ" ಅಂದಳು ತನುಜ. ಸಹಿ ಹಾಕಿದ ಪ್ರಮಾಣಪತ್ರವನ್ನು ಮೇಜಿನ ಮೇಲೇ ಬಿಟ್ಟು, ಪ್ರಶ್ನೆಪತ್ರಿಕೆಯನ್ನು ಮಾತ್ರ ಮಡಿಚಿಕೊಂಡು ಎದ್ದಳು.

ಮನೆ ಮುಟ್ಟಿದಾಗ ಮಧುಸೂದನ್ ಮಗಳಿಗೆ ಜಡೆ ಹೆಣೆಯುತ್ತಾ ಕೂತಿದ್ದ. "ಏನಂದ್ರು?" ಅಂದ. ಆಕೆ ಚಪ್ಪಲಿ ಬಿಟ್ಟು, ಅವನ ಪಕ್ಕ ಚಾಪೆಯ ಮೇಲೆ ಕೂತು, ಎಲ್ಲವನ್ನೂ ಹೇಳಿದಳು. ಡಾಕ್ಟರೇಟು ಇನ್ನು ಆಗುವುದಿಲ್ಲ ಅನ್ನುವುದನ್ನು ಎರಡು ಸಲ ಹೇಳಬೇಕಾಯಿತು.

"ಹೇಗೂ ಅವರೇ ಕೊಟ್ಬಿಡು ಅಂದ್ರಲ್ಲೇ" ಅಂದ ಅವನು ಮೆಲ್ಲಗೆ.

"ಅಂದ್ರು. ಕಾರ್ಡ್ ನೋಡಿದೋರು ಕೇಳಿದ್ರೆ ಪ್ರೆಸ್ಸಿನೋರ ತಪ್ಪು ಅಂದ್ಬಿಡಿ."

ಅವನ ಕೈಯಲ್ಲಿ ಜಡೆ ಅರ್ಧಕ್ಕೆ ನಿಂತಿತ್ತು. ಹೆಂಡತಿಯ ಕಣ್ಣಲ್ಲಿ ನೀರು ನೋಡಿದ. "ಅಳಬೇಡ ಬಿಡು. ಇಷ್ಟು ವರ್ಷದ್ದು ಹೋಯ್ತಲ್ಲ ಅಂತ ತಾನೇ?"

"ಅದಕ್ಕೂ ಅಳು ಬರ್ತಿದೆ" ಅಂದಳು ತನುಜ. "ಆದ್ರೆ ಇಷ್ಟು ವರ್ಷದಲ್ಲಿ ನಾನು ಬರೆದಿದ್ದನ್ನ ಅವರು ಮೊದಲಿಂದ ಕೊನೇವರೆಗೂ ಓದಿದ್ದು ಇವತ್ತೇ ರೀ."